ಮೂರು ಕೋಟ್ ಬಣ್ಣ

9 ಅಕ್ಟೋಬರ್ 2018, ಗಂಗಾವತಿ

ಬಟ್ಟೆ ಅಂಗಡಿಯ ಎರಡು ಹಳೆಯ ಎಸಿ ಬಿಚ್ಚಿದೆವು. ಒಳಗಿನ ಗ್ಯಾಸನ್ನು ಮಷಿನ್ ಹಚ್ಚಿ ಸಿಲಿಂಡರಿಗೆ ಎಳೆದುಕೊಂಡೆವು. ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಶಾಮೀದಸಾಬ ಕಾಕಾನ ಗೊಣಗಾಟ. ಇಪ್ಪತ್ತು ವರ್ಷ ಪೈಪ್ ಕತ್ತರಿಸಿ ಗ್ಯಾಸ್ ಗಾಳಿಗೆ ಬಿಟ್ಟ ಮನುಷ್ಯ. ನನಗೆ ಕೆಲಸ ಕಲಿಸಿದ್ದೂ ಅವರೇ, ಹಾಗೆಯೇ ಕಲಿಸಿದ್ದು.

“ಫುಸ್ ಅಂದ್ರ ಮುಗೀತಿತ್ತು. ಇದೇನೋ ರುದ್ರೇಶಾ, ಎಮ್ಮಿ ಹಿಂಡಿದಂಗ ಹಿಂಡಾಕತ್ತಿ.”

“ಹಂಗ ಬಿಡಬಾರದು ಕಾಕಾ. ಮ್ಯಾಲ ಹೋಗಿ ಹವಾ ಕೆಡಸ್ತೈತಿ. ಖೋಲ್ಯಾಗ ತುಂಬಿದ್ರ ನಮ್ಮ ಉಸಿರೂ ಕಟ್ತೈತಿ.”

“ಹುಬ್ಬಳ್ಯಾಗ ಮೂರು ದಿನ ಟ್ರೇನಿಂಗ್ ಮಾಡ್ಯಾನ, ನನಗ ಮಾಸ್ತರ ಆಗ್ಯಾನ!”

ಬೈಯುತ್ತಾರೆ, ಮಾಡುತ್ತಾರೆ. ಸಿಲಿಂಡರ್ ತಕ್ಕಡಿ ಮೇಲಿಟ್ಟು, ಐದರಲ್ಲಿ ನಾಲ್ಕು ಪಾಲು ತುಂಬಿದೊಡನೆ ನಿಲ್ಲಿಸುವುದು ಕಲಿತಿದ್ದಾರೆ. ಪೂರ್ತಿ ತುಂಬಿದರೆ ಬಿಸಿಲಿಗೆ ಒಳಗಿನದು ಹಿಗ್ಗಲು ಜಾಗ ಇರುವುದಿಲ್ಲ. ಅಂಕಿ ಬರುತ್ತದೆ, ಓದು ಬರುವುದಿಲ್ಲ. ಅದಕ್ಕೇ ಗುರುತು ಮಾಡಿಕೊಟ್ಟಿದ್ದೇನೆ — ಖಾಲಿ ಸಿಲಿಂಡರಿಗೆ ಸೊನ್ನೆ, ಗ್ಯಾಸ್ ಇರುವುದಕ್ಕೆ ಗೀಟು. ಸೀಮೆಸುಣ್ಣದ್ದು.

17 ಅಕ್ಟೋಬರ್

ನಾಳೆ ಆಯುಧ ಪೂಜೆ. ಮಷಿನ್, ಪಾನಾ, ತಕ್ಕಡಿ ಎಲ್ಲ ತೊಳೆದದ್ದಾಯಿತು. ಎರಡೂ ಸಿಲಿಂಡರಿಗೆ ಹೊಸ ಬಣ್ಣ — ಮೈಗೆ ಬೂದು, ಹೆಗಲಿಗೆ ಹಳದಿ. ಮೂರು ಕೋಟ್. ಒತ್ತಡ ಏರಿದರೆ ಗ್ಯಾಸ್ ಹೊರಬಿಡುವ ಸೇಫ್ಟಿ ವಾಲ್ವ್ ಮೇಲೂ ಬ್ರಷ್ ಹೋಯಿತು. ಹೆಂಡತಿ ಅಮೃತಾ ನೋಡುತ್ತ ನಿಂತಿದ್ದಳು.

“ಅದಕ್ಕೂ ಹಚ್ತೀರೇನ್ರಿ?”

“ಚಂದ ಕಾಣ್ತೈತಿ, ಇರ್ಲಿ ಬಿಡು.”

ಬಣ್ಣದಡಿ ಅಳಿದ ಸೊನ್ನೆ, ಗೀಟು ಈ ಸಲ ಬಿಳಿ ಪೇಂಟಿನಲ್ಲೇ ಹಾಕಿದೆ. ಹಾಕುವಾಗಲೇ ಹುಲಿಗಿ ಲಾಡ್ಜಿನ ಮಾಲೀಕ ದೇವೇಂದ್ರಪ್ಪನ ಫೋನ್. ಆರು ಎಸಿ ಬಿಚ್ಚಬೇಕಂತೆ, ಸೋಮವಾರವೇ ಬೇಕಂತೆ. ದೊಡ್ಡ ಮನುಷ್ಯ, ನಿಲ್ಲಿಸದೆ ಮಾತಾಡುತ್ತಾನೆ.

18 ಅಕ್ಟೋಬರ್

ಪೂಜೆ ಆಯಿತು. ಕಾಕಾ ಪ್ರತಿ ವರ್ಷದಂತೆ ಬಂದರು, ಎರಡು ಹೋಳಿಗೆ ತಿಂದರು. ಚೆಂಡು ಹೂವಿನ ಮಾಲೆ ಹಾಕಿದ ಸಿಲಿಂಡರ್ ನೋಡಿ ನಕ್ಕೇ ನಕ್ಕರು. ನನಗೂ ಹೆಮ್ಮೆಯೇ.

22 ಅಕ್ಟೋಬರ್, 11.40, ಕುಷ್ಟಗಿ

ನಾನು ಇಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ. ಕಾಕಾ ಹುಲಿಗಿಗೆ ಹೋಗಿದ್ದಾರೆ, ಸೊನ್ನೆಯ ಸಿಲಿಂಡರ್ ಒಯ್ದಿದ್ದಾರೆ. ಈಗ ಫೋನ್ ಮಾಡಿದ್ದರು.

“ರುದ್ರೇಶಾ, ಇದು ಖಾಲಿ ಐತೇನೋ? ಭಾರ ಅನಸ್ತೈತಿ.”

“ಮೂರು ಕೋಟ್ ಬಣ್ಣ ಬಳದೇನಿ ಕಾಕಾ, ಅದಕ್ಕ ಭಾರ. ಇಲ್ಲಂದ್ರ ನಿಮಗ ವಯಸ್ಸಾತು.”

ನಕ್ಕರು. “ಹಂಗಾರ ಜೀರೋ ಒತ್ತಿ ಶುರು ಮಾಡ್ತೀನಿ” ಅಂದರು. ಖಾಲಿ ಇದ್ದರೆ ತಕ್ಕಡಿಯ ಜೀರೋ ಒತ್ತಿ ಅಲ್ಲಿಂದ ಎಣಿಸುವುದು ಅವರ ರೂಢಿ. ಮುದುಕನಿಗೆ ಎಲ್ಲದಕ್ಕೂ ಸಂಶಯ.

ಮಧ್ಯಾಹ್ನ 3

ದೇವೇಂದ್ರಪ್ಪನ ಫೋನ್. ಮಾಳಿಗೆ ಬಿಸಿಲಲ್ಲಿ ಸಿಲಿಂಡರ್ ಸಿಡಿದಿದೆ. ಕಾಕಾ ಎತ್ತಿಡಲು ಹೋಗಿದ್ದರಂತೆ. ಬಸ್ ಹಿಡಿಯಬೇಕು.

24 ಅಕ್ಟೋಬರ್, ಕೊಪ್ಪಳ

ಬಲಗೈ ಮಣಿಕಟ್ಟಿನಿಂದ ತೆಗೆದರು. ಬದುಕಿದ್ದಾರೆ.

ಬೆಳಿಗ್ಗೆ ಗಂಗಾವತಿಗೆ ಹೋಗಿ ಅಂಗಡಿ ತೆಗೆದೆ. ಗೀಟಿನ ಸಿಲಿಂಡರ್ ಮೂಲೆಯಲ್ಲಿತ್ತು. ಒಂದೇ ಕೈಯಲ್ಲಿ ಎತ್ತಲು ಬಂತು. ಖಾಲಿ. ಅಂದರೆ ಅವತ್ತು ಫೋನಿನ ಗಡಿಬಿಡಿಯಲ್ಲಿ ಗ್ಯಾಸ್ ಇದ್ದದ್ದಕ್ಕೆ ಸೊನ್ನೆ ಹಾಕಿದ್ದೇನೆ. ಅರ್ಧಕ್ಕಿಂತ ಹೆಚ್ಚು ತುಂಬಿದ್ದರ ಮೇಲೆ ಕಾಕಾ ಮತ್ತೆ ತುಂಬಿದ್ದಾರೆ. ಇದರ ಸೇಫ್ಟಿ ವಾಲ್ವ್ ಉಗುರಿನಿಂದ ಕೆರೆದು ನೋಡಿದೆ. ತೂತಿನ ಒಳಗೂ ಬಣ್ಣ ಗಟ್ಟಿಯಾಗಿ ಕೂತಿದೆ. ಸಿಡಿದದ್ದರದ್ದೂ ಹೀಗೇ ಇದ್ದಿರಬೇಕು. ಎರಡಕ್ಕೂ ಬಳಿದವನು ನಾನೇ.

ಆಸ್ಪತ್ರೆಯಲ್ಲಿ ದೇವೇಂದ್ರಪ್ಪ ಹತ್ತು ಜನರ ಮುಂದೆ ಅಂದ, “ಸಾಲಿ ಕಲೀದವನ ಕೈಯಾಗ ಇಂಥಾ ಸಾಮಾನು ಕೊಡ್ತಾರೇನ್ರಿ?”

ಹೌದೆಂದು ತಲೆಯಾಡಿಸಿದೆ. ನಾಚಿಕೆಗೆಟ್ಟವನು ನಾನು.

11 ನವೆಂಬರ್

ಕಾಕಾ ಮನೆಗೆ ಬಂದಿದ್ದಾರೆ. ನೋಡಲು ಹೋದೆ. ಅವರ ಹೆಂಡತಿ ಶಾಹಜಾದಬಿ ಬಾಗಿಲಲ್ಲೇ ತಡೆದರು.

“ಗಾಳಿಗೆ ಬಿಟ್ಟು ಬರ್ತಿದ್ರು, ಎರಡೂ ಕೈ ಇದ್ದುವು. ನಿನ್ನ ಮಾತು ಕೇಳ್ಯಾರ, ಒಂದು ಕೈ ಹೋಗೈತಿ. ನೋಡಾಕ ಬಂದಿ?”

ಕೆಲಸ ತಪ್ಪಲ್ಲ ಕಾಕಿ, ನಾನು ಮಾಡಿದ್ದು ತಪ್ಪು — ಅಷ್ಟು ಸಣ್ಣ ಮಾತು ಬಾಯಿಗೆ ಬರಲಿಲ್ಲ. ಊರಿನ ಮೆಕ್ಯಾನಿಕ್‌ಗಳೆಲ್ಲ ಈಗ ಇದನ್ನೇ ಆಡುತ್ತಿದ್ದಾರೆ. ಮತ್ತೆ ಪೈಪ್ ಕತ್ತರಿಸುತ್ತಿದ್ದಾರೆ.

ಕಾಕಾ ಒಳಗಿನಿಂದ ಕರೆದರು. ಹೆಂಡತಿಯನ್ನು ನೀರು ತರಲು ಕಳಿಸಿ, ಮೆಲ್ಲಗೆ ಅಂದರು, “ಭಾರ ಐತಿ ಅಂತ ಫೋನ್ ಮಾಡಿದ್ನೆಲ್ಲ, ಅದನ್ನ ಪೊಲೀಸರ ಮುಂದ ಹೇಳಿಲ್ಲ. ನೀನೂ ಹೇಳಬ್ಯಾಡ. ನಂದಂತೂ ಆತು. ನಿನ್ನ ಹುಬ್ಬಳ್ಳಿ ಸರ್ಟಿಫಿಕೇಟರ ಉಳೀಲಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

19 ನವೆಂಬರ್

ಠಾಣೆಗೆ ಕರೆದಿದ್ದರು. ಹನ್ನೊಂದಕ್ಕೆ ಹೋದೆ. ಎಲ್ಲ ಹೇಳಿಬಿಡಬೇಕು ಅಂತ ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿದ್ದೆ. ಕೇಳಿದಾಗ, “ಅವರು ತೂಕ ನೋಡದೆ ತುಂಬಿದರು” ಅಂದೆ. ಹೇಳಿದಂತೆ ಬರೆದುಕೊಂಡರು. ಓದಿ ತೋರಿಸಿದರು. ಸಹಿ ಹಾಕಿದೆ.

ಹೊರಗೆ ಬೇವಿನ ಗಿಡದ ಕೆಳಗೆ ಕಾಕಾ. ಅವರನ್ನೂ ಕರೆಸಿದ್ದರಂತೆ. ಏನು ಬರೆಸಿದೆ ಎಂದು ಕೇಳಲಿಲ್ಲ.

“ಬಾ, ಚಾ ಕುಡಿಯೂಣು.”

ಕಪ್ಪಿನ ಕೆಳಗಿನ ಬಸಿಗೆ ಹಾಕಿಕೊಂಡು ಕುಡಿದೇ ರೂಢಿ ಅವರಿಗೆ. ಎಡಗೈಯಲ್ಲಿ ಕಪ್ಪು ಬಗ್ಗಿಸಿದರು. ಬಸಿ ಹಿಡಿಯಲು ಇನ್ನೊಂದು ಕೈ ಇಲ್ಲ. ನಾನು ಹಿಡಿದೆ. ಇದೀಗ ಸಹಿ ಹಾಕಿ ಬಂದ ಕೈ. ಅವರು ಬಗ್ಗಿ ಬಸಿಗೆ ಬಾಯಿ ಹಚ್ಚಿ, ಕಣ್ಣೆತ್ತಿ, “ನಡಗಸಬ್ಯಾಡೋ, ಚೆಲ್ತೈತಿ” ಅಂದರು. ಆಗ ನಾನು ಎರಡೂ ಕೈಯಲ್ಲಿ ಬಸಿ ಹಿಡಿದೆ.