ಮೂರನೆಯ ಬಾಗಿಲು

ಮಂಗಳವಾರ, ಮಧ್ಯಾಹ್ನ

ನಮಸ್ಕಾರ.

‘ನಮ್ಮವರಿಗೆ’ ಎಂದು ಬರೆಯಲು ಕೈ ಬರಲಿಲ್ಲ. ನೀವು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಜಗಳಕ್ಕೆ ಬರೆಯುತ್ತಿಲ್ಲ, ಅದಕ್ಕೂ ತ್ರಾಣ ಬೇಕು. ನಿಮ್ಮ ಅಪ್ಪನನ್ನು ಕರೆದುಕೊಂಡು ಹೋಗಿ. ಭಾನುವಾರ ಬನ್ನಿ. ನನ್ನ ಕೈಲಿ ಇನ್ನಾಗುವುದಿಲ್ಲ.

ಹೊಲಿಗೆ ಯಂತ್ರ ಇರುವುದು ನಡುಮನೆಯಲ್ಲಿ, ಮಾವನ ಮಂಚವೂ ಅಲ್ಲೇ. ಹೆಂಗಸರು ಅಳತೆ ಕೊಡಲು ಬಂದರೆ ಸಾಕು, ಮಾವ ಕೋಲು ಹಿಡಿದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬಿಸಿಲಾಗಲಿ ಚಳಿಯಾಗಲಿ, ಬಂದವರು ಹೋದ ಮೇಲೇ ಒಳಗೆ ಬರುವುದು. ಬೇಡವೆಂದು ಹೇಳಿ ಹೇಳಿ ಸಾಕಾಯಿತು. ಕೊನೆಗೆ ಹಳೇ ಮರದ ಅಂಗಡಿಯಿಂದ ಎರಡು ಬಾಗಿಲು ತಂದೆ. ಮೂರನೆಯದು ಎಲ್ಲೋ ಸಿಕ್ಕಿತು ಅನ್ನಿ. ಮೂರನ್ನೂ ಜೋಡಿಸಿ ಅವರ ಮಂಚಕ್ಕೆ ಒಂದು ಮಡಿಚುವ ಮರೆ ಮಾಡಿದೆ. ಬಣ್ಣ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿ ಸುಲಿಯಿತು. ಕೀಲುಗಳನ್ನೆಲ್ಲ ಒಂದೇ ಮುಖಕ್ಕೆ ಹಾಕಿಬಿಟ್ಟಿದ್ದೆ, ಮಡಿಚಲು ಹೋದರೆ ಒಂದಕ್ಕೊಂದು ಸಿಕ್ಕಿಕೊಂಡವು. ಮಾವ ಮಂಚದಲ್ಲಿ ಕೂತು ನಕ್ಕರು, ನೀವು ಹೋದಮೇಲೆ ಅದೇ ಮೊದಲು. ಒಂದು ಜೊತೆ ಈ ಮುಖಕ್ಕೆ, ಇನ್ನೊಂದು ಆ ಮುಖಕ್ಕೆ ಹಾಕಬೇಕಂತೆ. ಎಲ್ಲ ಕಳಚಿ ಮತ್ತೆ ಹಾಕಿದೆ.

ಈಗ ಮರೆ ನಿಂತಿದೆ. ಎರಡೂ ಪಕ್ಕ ಓಡಾಡುವಷ್ಟು ಜಾಗವಿದೆ. ಆದರೂ ಮಾವ ನೀರು ಬೇಕೆಂದರೂ ಬಚ್ಚಲಿಗೆ ಹೋಗಬೇಕೆಂದರೂ ಆ ಹಲಗೆ ತಟ್ಟಿ, ನಾನು ‘ಬನ್ನಿ’ ಎನ್ನುವವರೆಗೂ ನಿಂತಿರುತ್ತಾರೆ. ದಿನಕ್ಕೆ ಇಪ್ಪತ್ತು ಸಲ. ನಿನ್ನೆ ಸೂಜಿಗೆ ದಾರ ಪೋಣಿಸುವಾಗ ತಟ್ಟಿದರು, ರೇಗಿಬಿಟ್ಟೆ. ಸುತ್ತಲೂ ಬಯಲಾಗಿರುವಾಗ ಯಾಕೆ ಹೀಗೆ ತಟ್ಟಿ ನನ್ನ ಪ್ರಾಣ ತಿನ್ನುತ್ತೀರಿ ಎಂದೆ.

“ಬಾಗಿಲು ಅಂದ್ಮೇಲೆ ತಟ್ಬೇಕಲ್ಲಮ್ಮ,” ಅಂದರು. “ಮಗನೇ ಬಿಟ್ಟುಹೋದ ಮನೇಲಿ ನಾನು ಯಾವ ಹಕ್ಕಲ್ಲಿ ಓಡಾಡ್ಲಿ? ಇದು ನಿನ್ನ ಮನೆ.”

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸುಸ್ತಾಯಿತು. ಅವರ ಬಟ್ಟೆ, ಮಾತ್ರೆ ಎಲ್ಲ ಒಂದು ಚೀಲದಲ್ಲಿ ಜೋಡಿಸಿಡುತ್ತೇನೆ.

ಇಂತಿ,
ನಿಮ್ಮ ಅಪ್ಪನ ಸೊಸೆ

ತಾ.ಕ.: ಇವತ್ತು ಗುರುವಾರ, ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಮೂರನೆಯ ಬಾಗಿಲು ನಮ್ಮ ಕೋಣೆಯದು. ಅದು ಮುಚ್ಚಿದ್ದರೆ ಮಾವ ಕೆಮ್ಮಿದ್ದು ಕೇಳಿಸುವುದಿಲ್ಲವೆಂದು ನಾನೇ ಕಳಚಿದ್ದು. ಚೀಲ ಜೋಡಿಸಿದ್ದೆ, ಮತ್ತೆ ಬಿಚ್ಚಿಟ್ಟೆ. ಭಾನುವಾರ ಬರಬೇಡಿ. ಮಾವನಿಗೆ ಇನ್ನು ತಟ್ಟಬಾರದೆಂದು ಹೇಳಿದ್ದೇನೆ. ನೀವು ಎಂದಾದರೂ ಬರುವುದಾದರೆ ತಟ್ಟಿ, ನಾನು ‘ಬನ್ನಿ’ ಎನ್ನುವವರೆಗೂ ನಿಂತಿರಿ.