ಹೇಸ್ಗಿ ಅನ್ನುವ ಮಾತು

ಮುಂಡರಗಿ
೨ ಮೇ ೧೯೪೮

ಅವ್ವಾ,

ನಿನ್ನ ಹಿರಿಮಗಳು ರೇಣುಕಾ ಪಾದ ಮುಟ್ಟಿ ನಮಸ್ಕರಿಸುತ್ತಾಳೆ, ಮುಟ್ಟಲು ಬಿಡುತ್ತೀ ಎಂದು ನಂಬಿ!

ತಂಗಿ ನೀಲಗಂಗಾಳ ಮದುವೆ ಗೊತ್ತಾದ ಪತ್ರ ಬಂತು. ಓದಿ ಕುಣಿದಾಡಿದೆ. ಕೊನೆಯ ಸಾಲಿಗೆ ಬಂದಾಗ ಕುಣಿತ ನಿಂತಿತು. ನಾನು ಬರಬೇಕಂತೆ, ಆದರೆ ಅಡುಗೆಮನೆಗೆ ಕಾಲಿಡಬಾರದಂತೆ, ಪಂಕ್ತಿಗೆ ಬಡಿಸಬಾರದಂತೆ. "ನಿರಾಶ್ರಿತರ ವಾಂತಿ ಬಳದ ಕೈ, ನೆನಸಿದ್ರ ಹೇಸ್ಗಿ ಬರತೈತಿ" ಎಂದು ಅಪ್ಪನ ಕೈಯಿಂದ ಬರೆಸಿದ್ದೀ.

ನಮ್ಮ ಮನೆಯಲ್ಲಿ ಆ ಮಾತಿಗೆ ಬಿಡುವೇ ಇಲ್ಲ. ಹಾಲಿಗೆ ನೊಣ ಬಿದ್ದರೆ ಹೇಸ್ಗಿ, ಅನ್ನದಲ್ಲಿ ಕೂದಲು ಸಿಕ್ಕರೆ ಹೇಸ್ಗಿ, ನೀಲಗಂಗಾ ಸೆರಗಿಗೆ ಮೂಗು ಒರೆಸಿದರೂ ಹೇಸ್ಗಿ.

ನನ್ನ ಅತ್ತೆಮನೆಯ ಹಿಂದಿನ ಬಯಲಿನಲ್ಲೇ ಶಿಬಿರ. ರಜಾಕಾರರಿಗೆ ಹೆದರಿ ನಿಜಾಮನ ಸೀಮೆಯಿಂದ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು. ಅರ್ಧ ಜನಕ್ಕೆ ವಾಂತಿಭೇದಿ. ಖರೆ ಹೇಳುತ್ತೇನೆ, ಅವರ ಆರೈಕೆಗೆ ಹೋದ ಮೊದಲ ದಿನ ನಾನೂ ಬೇಲಿಯ ಹತ್ತಿರ ಹೋಗಿ ಕಾರಿಕೊಂಡೆ. ತಿರುಗಿ ಬಂದರೆ ಮಂಜವ್ವ ಎಂಬ ಮುದುಕಿ ಸೀರೆ ಕೆಡಿಸಿಕೊಂಡು ಬಿದ್ದಿದ್ದಳು. ಮುಖ ಮುಚ್ಚಿಕೊಂಡು, "ನನಗ ಹೇಸಬ್ಯಾಡವ್ವಾ, ನಾನೂ ಮಂದಿಗೆ ಹೋಳಗಿ ಬಡಿಸಿದಾಕಿ" ಎಂದಳು. ಅವಳನ್ನು ತೊಳೆದೆ. ಈಗ ಎದ್ದು ಓಡಾಡುತ್ತಾಳೆ, ನನ್ನ ಮೇಲೆ ಜೋರು ಮಾಡುತ್ತಾಳೆ. ನನ್ನ ಕೈಗಳ ಬಗ್ಗೆ ನನಗೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ತಂಗಿಯ ಮದುವೆಯಲ್ಲಿ ಹೋಳಿಗೆ ಬಡಿಸುವವಳು ನಾನೇ. ಬೇಡವೆಂದರೆ ನಾನು ಬರುವುದೇ ಇಲ್ಲ. ಇಲ್ಲೇ ಕೂತು ಅಳುತ್ತೇನೆ.

ಅಪ್ಪ ಶಿಬಿರಕ್ಕೆ ಧರ್ಮದ ಜೋಳ ಕಳಿಸಿದ್ದನ್ನು ಬೆಟಗೇರಿಯೆಲ್ಲ ಹೊಗಳುತ್ತಿದೆ ಎಂದೂ ತಿಳಿಸಿದ್ದೀ. ಜೋಳ ಮುಟ್ಟಿತು.

ನಿನ್ನ ಹಟಮಾರಿ,
ರೇಣುಕಾ

ತಾ.ಕ.: ಅಪ್ಪಾ, ಅವ್ವನಿಗೆ ಪತ್ರ ಓದಿ ಹೇಳುವವರು ನೀವೇ. ದಯಮಾಡಿ ಮೇಲಿನ ಸಾಲಿಗೇ ನಿಲ್ಲಿಸಬೇಡಿರಿ. ಚೀಲಗಳ ಬಾಯಿ ಕೆಂಪು ದಾರದಲ್ಲಿ ಹೊಲಿದಿತ್ತು, ಕೊನೆಗೆ ಜೋಡುಗಂಟು. ಸಣ್ಣವಳಿದ್ದಾಗ ನಮ್ಮ ಅಂಗಡಿಯಲ್ಲಿ ನಾನೇ ಹಾಕುತ್ತಿದ್ದ ಗಂಟು. ಬಿಚ್ಚಿದರೆ ಹುಳ ಹಿಡಿದು ಬೂಸ್ಟು ಬಂದ ಜೋಳ. "ಯಾವ ಪುಣ್ಯಾತ್ಮ ಕೊಟ್ಟಾನವ್ವಾ ಇದನ್ನ?" ಎಂದು ಮಂಜವ್ವ ಕೇಳಿದಳು. ನಾನು ಹೆಸರು ಹೇಳಲಿಲ್ಲ. ಎಲ್ಲವನ್ನೂ ತಿಪ್ಪೆಗೆ ಸುರಿಸಿದೆ. ಶಿಬಿರಕ್ಕೆ ಕಾಲಿಟ್ಟ ಮೇಲೆ ಮೊದಲ ಸಲ ನನ್ನ ಬಾಯಲ್ಲಿ ಆ ಮಾತು ಬಂತು: "ಥೂ, ಹೇಸ್ಗಿ!"

ಮದುವೆಗೆಂದು ತೆಗೆದಿಟ್ಟ ಜೋಳದಲ್ಲೇ ಅಷ್ಟು ಚೀಲ ಕಳಿಸಿರಿ. ಅದೇ ಬಂಡಿಯಲ್ಲಿ ನಾನು ಬರುತ್ತೇನೆ. ಬಡಿಸಲು ಮಂಜವ್ವನೂ ಬರುತ್ತಾಳೆ.