ಕೆಂಪು ಬಟನ್ನು, ಹಸಿರು ಬಟನ್ನು

ಗುರುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡನ ನಮಸ್ಕಾರ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ಅಕ್ಷರ ಇಷ್ಟು ದಪ್ಪ ಯಾಕೆ, ಸಾಲುಗಳು ಒಂದರ ಮೇಲೊಂದು ಯಾಕೆ ಹತ್ತಿವೆ ಅಂತ ನಗಬೇಡ. ಪೆನ್ನು ಸರಿಯಿಲ್ಲ.

ತಲೆ ಚಿಟ್ಟು ಹಿಡಿದಿದೆ ಅಕ್ಕ. ತರಬೇತಿ ಕೇಂದ್ರದಲ್ಲಿ ನಾನು ವರ್ಷನ್ ಕಂಟ್ರೋಲ್ ಕಲಿಸುವುದು ನಿನಗೆ ಗೊತ್ತಲ್ಲ: ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನು ಹಂತ ಹಂತವಾಗಿ ಉಳಿಸಿಟ್ಟು, ಎಡವಟ್ಟಾದರೆ ಹಿಂದಿನ ಹಂತಕ್ಕೆ ಮರಳುವ ವಿದ್ಯೆ. ನಾನು ಅದನ್ನು ಕಪ್ಪು ಪರದೆಯಲ್ಲಿ, ಒಂದೊಂದು ಆಜ್ಞೆಯನ್ನೂ ಟೈಪ್ ಮಾಡಿಸಿ ಕಲಿಸುತ್ತೇನೆ. ಪಕ್ಕದ ಕೋಣೆಗೆ ಹೊಸದಾಗಿ ಬಂದ ಮೇಡಂ ಅದನ್ನೇ ಬಣ್ಣದ ಗೆರೆಗಳು, ಬಟನ್ನುಗಳಿರುವ ಪರದೆಯಲ್ಲಿ ಕಲಿಸುತ್ತಾರೆ. ವಿದ್ಯಾರ್ಥಿಗಳು ಅವರಿಗೆ ಗೆರೆ ಮೇಡಂ ಅಂತ ಹೆಸರಿಟ್ಟಿದ್ದಾರೆ. ನನಗೇನು ಹೆಸರಿಟ್ಟಿದ್ದಾರೋ, ಕೇಳುವ ಧೈರ್ಯವಿಲ್ಲ.

ಬಟನ್ ಒತ್ತಿ ಕಲಿತವರಿಗೆ ಒಳಗೆ ನಡೆಯುವುದು ತಿಳಿಯುವುದಿಲ್ಲ ಎಂಬುದು ನನ್ನ ವಾದ. "ಸರ್, ಹೆದರ್ಕೊಂಡು ಕ್ಲಾಸೇ ಬಿಟ್ಟೋರಿಗೆ ಒಳಗಿಂದೂ ತಿಳಿಯಲ್ಲ, ಹೊರಗಿಂದೂ ತಿಳಿಯಲ್ಲ" ಎಂಬುದು ಮೇಡಂ ವಾದ. ನನ್ನ ತರಗತಿ ಬಿಟ್ಟು ಅಲ್ಲಿಗೆ ಸೇರಿದ ಟೈಲರಮ್ಮ ಹೋಗುವಾಗ, "ಮೇಷ್ಟ್ರೇ, ಹೊಸಬ್ರಿಗೆ ನಾವು ಮೊದ್ಲು ನೇರ ಹೊಲಿಗೆ ಹಾಕಿಸ್ತೀವಿ. ನೀವು ಮಷೀನೇ ಬಿಚ್ಚಿ ಕೈಗೆ ಕೊಡ್ತೀರಲ್ಲ!" ಅಂದರು. ಸಿಟ್ಟೂ ಬಂತು, ನಗುವೂ ಬಂತು. ಆದರೆ ಒಂದು ದಿನ ಬಟನ್ನುಗಳ ಜಾಗ ಬದಲಾದಾಗ ಅದೇ ತರಗತಿಯವರು ಪಿಳಿಪಿಳಿ ಕಣ್ಣು ಬಿಟ್ಟದ್ದೂ ಉಂಟು. ಯಾರದು ಸರಿ? ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ.

ಮೊನ್ನೆ ಮೇಡಂಗೆ ಜ್ವರ. ಅವರ ತರಗತಿಗೆ ನನ್ನನ್ನು ಕಳಿಸಿದರು. ಟೈಲರಮ್ಮ ತಮ್ಮ ಅಂಗಡಿಗಾಗಿ ವಾರವಿಡೀ ಕೂತು ವೆಬ್ ಪುಟವೊಂದನ್ನು ಮಾಡಿದ್ದರು, ಹಂತವಾಗಿ ಇನ್ನೂ ಉಳಿಸಿರಲಿಲ್ಲ. "ಉಳಿಸಿ ತೋರಿಸಿ ಮೇಷ್ಟ್ರೇ" ಅಂದರು. ಉಳಿಸುವ ಹಸಿರು ಬಟನ್ನಿನ ಪಕ್ಕದಲ್ಲೇ ಎಲ್ಲವನ್ನೂ ತೆಗೆದುಹಾಕುವ ಕೆಂಪು ಬಟನ್ನು. ನಾನು ಒತ್ತಿದ್ದು ಕೆಂಪನ್ನು. "ಖಂಡಿತವೇ?" ಎಂದು ಪರದೆ ಕೇಳಿದ್ದಕ್ಕೆ ಹೌದು ಎಂದೂ ಒತ್ತಿದೆ. ಉಳಿಸದೆ ಅಳಿಸಿದ್ದಕ್ಕೆ ಮರಳುವ ದಾರಿಯಿಲ್ಲ. ಟೈಲರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಕುಣಿಯಲಾರದವನಿಗೆ ನೆಲ ಡೊಂಕು. ನಾನು ಗಟ್ಟಿಯಾಗಿ, "ನೋಡಿದ್ರಾ, ಬಟನ್ ನಂಬಿದ್ರೆ ಹೀಗೇ ಆಗೋದು" ಅಂದುಬಿಟ್ಟೆ.

ಎಲ್ಲರೂ ನಂಬಿದರು. ಮರುದಿನ ಜ್ವರದಲ್ಲೇ ಬಂದ ಮೇಡಂ, "ತಪ್ಪು ನಂದೇ, ಮೊದ್ಲೇ ಉಳಿಸೋಕೆ ಹೇಳ್ಬೇಕಿತ್ತು" ಅಂತ ಟೈಲರಮ್ಮನ ಕ್ಷಮೆ ಕೇಳಿದರು. ಪ್ರಿನ್ಸಿಪಾಲರು ಮುಂದಿನ ತಿಂಗಳಿಂದ ಕಪ್ಪು ಪರದೆಯ ತರಗತಿ ಮಾತ್ರ ಸಾಕು ಎಂದಿದ್ದಾರೆ. ಅಂದರೆ ಮೇಡಂಗೆ ಕೆಲಸವಿಲ್ಲ. ಗೆದ್ದದ್ದು ನಾನು. ಆದರೆ ಊಟ ಸೇರುತ್ತಿಲ್ಲ. ನನ್ನ ಹೆಂಡತಿ, "ಗೆದ್ದೋರ ಮುಖನಾ ಇದು?" ಅಂತ ದಿಟ್ಟಿಸಿ ನೋಡುತ್ತಾಳೆ. ಅವಳಿಗೆ ಏನು ಹೇಳಲಿ? ನನಗೇ ದಿಕ್ಕು ತೋಚುತ್ತಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಸ್ವಲ್ಪ ಒತ್ತಿಯೇ ಇಡು.

ನಿನ್ನ ತಮ್ಮ,
ಮೊಂಡ

ಮ.ಬಿ.: ಪೆನ್ನು ಚೆನ್ನಾಗಿಯೇ ಇದೆ ಅಕ್ಕ. ಆ ಎರಡು ಬಟನ್ನುಗಳೂ ನನಗೆ ಒಂದೇ ಬೂದು ಮಚ್ಚೆಯಾಗಿ ಕಂಡವು. ಮೇಡಂ ತೋರಿಸುವ ಗೆರೆಗಳೂ ಅಷ್ಟೆ. ಕಪ್ಪು ಪರದೆಯಲ್ಲಾದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಆಜ್ಞೆಗಳು ಬೆರಳಿಗೇ ಗೊತ್ತು. ಇಷ್ಟು ದಿನ ವಾದಿಸಿದ್ದು ವಿದ್ಯೆಗಾಗಿಯೋ, ನನ್ನ ಕಣ್ಣಿಗಾಗಿಯೋ, ನನಗೇ ಗೊತ್ತಿಲ್ಲ. "ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಇವತ್ತು ತೋರಿಸಿಕೊಳ್ಳಲು ಹೋದಾಗ ಕಣ್ಣಿನ ಡಾಕ್ಟರು ಕೇಳಿದರು. ಅಪ್ಪನಿಗೆ ಎಂದೆ. ನಾಳೆ ಪ್ರಿನ್ಸಿಪಾಲರ ಮುಂದೆ, ಮೇಡಂ ಮತ್ತು ಟೈಲರಮ್ಮನ ಎದುರಿಗೇ, ಎಲ್ಲ ಹೇಳುತ್ತೇನೆ. ಒಂದೇ ತರಗತಿ ಉಳಿಯುವುದಾದರೆ ಅದು ಮೇಡಂದಾಗಲಿ. ನೀನೂ ಒಮ್ಮೆ ಕಣ್ಣು ತೋರಿಸಿಕೊಂಡು ಬಾ, ಮುಂದೂಡಬೇಡ. ಇನ್ನೊಂದು ಮಾತು. ಅಪ್ಪನ ಹತ್ತಿರ ಕೊನೆಯವರೆಗೂ ಇದ್ದವಳು ನೀನು. ಮುಖ ಕಾಣದಾದ ಮೇಲೂ, ಬಾಗಿಲಿಗೆ ಬಂದದ್ದು ನೀನೋ ನಾನೋ ಅಂತ ಅವರಿಗೆ ಹೇಗೆ ಗೊತ್ತಾಗುತ್ತಿತ್ತು?